ತೊಟ್ಟಿಯ ಹಿಂದಿನ ಹುಳಿಸೊಪ್ಪು

ಲೆಸಿಯೇಲಿಯ ಬಲಗೈ ಹೆಬ್ಬೆರಳು ಗಿಡ್ಡ, ಅಗಲ. ಉಗುರಿನ ಸುತ್ತ ಸದಾ ಹಸಿರು ಕಲೆ. ಹಾಪೈ ದ್ವೀಪಸಮೂಹದ ಆ ಪುಟ್ಟ ದ್ವೀಪದಲ್ಲಿ ಹುಟ್ಟಿದವರಲ್ಲಿ ಹೆಚ್ಚಿನವರು ಕೂಸಾಗಿದ್ದಾಗ ಆ ಬೆರಳನ್ನೋ, ಅದಕ್ಕೂ ಹಿಂದೆ ಅವಳ ಸೋದರತ್ತೆ ಕಲೋಲೈನೆಯ ಬೆರಳನ್ನೋ ಚೀಪಿದವರೇ. ಬಾಯಿ ಹುಣ್ಣಾಗಿ, ನಾಲಿಗೆಯ ಮೇಲೆ ಮೊಸರು ಚೆಲ್ಲಿದ ಹಾಗೆ ಬಿಳಿ ಕಟ್ಟಿಕೊಂಡು, ಮೊಲೆ ಹಿಡಿಯಲಾರದೆ ಚೀರುವ ಮಗುವನ್ನು ತಾಯಂದಿರು ಎತ್ತಿಕೊಂಡು ಬರುತ್ತಿದ್ದರು. ಲೆಸಿಯೇಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಜಜ್ಜಿದ ಸೊಪ್ಪನ್ನು ತೆಳುಬಟ್ಟೆಯಲ್ಲಿ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ತೊಟ್ಟು ತೊಟ್ಟಾಗಿ ರಸ ಬಿಡುತ್ತಿದ್ದಳು. ಹುಳಿಗೆ ಮಗು ಮುಖ ಕಿವಿಚುತ್ತಿತ್ತು. ಬೆಳಿಗ್ಗೆ, ಸಂಜೆ, ಮತ್ತೆ ಬೆಳಿಗ್ಗೆ. ಆಮೇಲೆ ಒಂದು ಹೊತ್ತಿನಲ್ಲಿ ಮಗು ತಾನಾಗಿ ಎದೆ ಹುಡುಕುತ್ತಿತ್ತು.

ಸೊಪ್ಪು ಯಾವ ಅಪರೂಪದ ಮೂಲಿಕೆಯೂ ಅಲ್ಲ. ಕಿಹಿಕಿಹಿ ಅನ್ನುತ್ತಾರೆ; ನೆಲಕ್ಕಂಟಿ ಹಬ್ಬುವ ಹುಳಿಸೊಪ್ಪು. ಹೃದಯದಂಥ ಮೂರು ಎಲೆ, ಉಗುರಿನಷ್ಟು ಹಳದಿ ಹೂವು. ಅಂಗಳದಲ್ಲಿ, ಗೋರಿಗಳ ನಡುವೆ, ಚರ್ಚಿನ ಮೆಟ್ಟಿಲ ಬಿರುಕಿನಲ್ಲಿ ಅದೇ ಹುಟ್ಟುತ್ತದೆ. ಮೀನು ಹಿಡಿಯಲು ಹೋಗಿ ಹವಳದ ಬಂಡೆಗೆ ಕಾಲು ಗೀರಿಕೊಂಡ ಗಂಡಸರು ಕುಂಟುತ್ತಾ ಬಂದರೆ ಅದನ್ನೇ ಕೊಬ್ಬರಿ ಎಣ್ಣೆಯಲ್ಲಿ ಬಾಡಿಸಿ ಕಟ್ಟುತ್ತಿದ್ದಳು. ಕುರು, ಕಜ್ಜಿ, ಒಲೆಯ ಕಲ್ಲು ತಗಲಿ ಸುಟ್ಟ ಅಂಗೈ, ಎಲ್ಲಕ್ಕೂ ಅದೇ.

ಗಿಡ ಎಲ್ಲರದ್ದಾದರೂ ಕೈ ಎಲ್ಲರದ್ದಲ್ಲ. ಕಲೋಲೈನೆ ಸಾಯುವ ಮುಂಚೆ ಸೊಪ್ಪಿನ ರಸವನ್ನು ಲೆಸಿಯೇಲಿಯ ಎರಡೂ ಅಂಗೈಗೆ ಹಿಂಡಿ, ತನ್ನ ಕೈಯಿಂದ ಉಜ್ಜಿ ಉಜ್ಜಿ ಒಣಗಿಸಿದ್ದಳು. ಅಲ್ಲಿ ಔಷಧದ ಕೈಗುಣ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹಾಗೆಯೇ.

"ಯಾರ ಹತ್ರನೂ ಏನೂ ಕೇಳ್ಬೇಡ," ಅಂದಿದ್ದಳು ಮುದುಕಿ. "ವಾಸಿಯಾದ್ಮೇಲೆ ಅವರಾಗಿ ಒಂದು ಮೀನು ತಂದ್ರೆ ತಗೋ. ಆದ್ರೆ ಬೇಲಿ ಹತ್ರ ಬಂದೋರನ್ನ ಮಾತ್ರ ವಾಪಸ್ ಕಳಿಸ್ಬೇಡ. ನಿನ್ನ ಗಂಡನ್ನ ಕೊಂದೋನೇ ಬಂದ್ರೂ ಮೊದಲು ಔಷಧ ಕೊಡು, ಜಗಳ ಆಮೇಲೆ ಆಡ್ಕೋ."

ಇದನ್ನು ಕೇಳಿಸಿಕೊಂಡ ಲೆಸಿಯೇಲಿಯ ಗಂಡ ಸೆಮಿಸಿ, "ಕೊಲ್ಲೋಕೆ ನನ್ನನ್ನೇ ಯಾಕೆ ಆರಿಸ್ಕೊಂಡ್ರಿ ಅತ್ತೆ," ಅಂದಿದ್ದ. ಮುದುಕಿ ಸಾಯುವ ಹೊತ್ತಿನಲ್ಲೂ ನಕ್ಕಿದ್ದಳು.

ಲೆಸಿಯೇಲಿಗೆ ಮಕ್ಕಳಿರಲಿಲ್ಲ. ಅದರ ಕೊರಗು ಅವಳನ್ನು ತಿನ್ನಲಿಲ್ಲ, ಯಾಕೆಂದರೆ ತಮ್ಮನ ಮಕ್ಕಳಿಗೆ ಸೋದರತ್ತೆ ಅಂದರೆ ತಾಯಿಗಿಂತ ಒಂದು ಮೆಟ್ಟಿಲು ಮೇಲೆ. ಮಗುವಿನ ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಚಪ್ಪರದ ತಲೆಭಾಗದಲ್ಲಿ ಕೂರುವವಳು ಅತ್ತೆ. ಮೊದಲ ಮಾಂಸ, ಮೊದಲ ಚಾಪೆ ಅವಳಿಗೆ. ಅತ್ತೆಯ ಮನಸ್ಸು ನೊಂದರೆ ಮಗುವಿಗೆ ಕಾಯಿಲೆ ಬರುತ್ತದೆ ಅಂತ ಅಲ್ಲಿಯ ಹೆಂಗಸರು ಇವತ್ತಿಗೂ ನಂಬುತ್ತಾರೆ.

ತಮ್ಮ ಹಾವಿಲಿ ದೂರದ ಎವುವಾ ದ್ವೀಪದಿಂದ ಮದುವೆಯಾಗಿ ತಂದ ಹೆಂಡತಿ ಮೆಲೆನೈಟೆ. ಎತ್ತರದ ಹುಡುಗಿ, ಮಾತು ಕಡಿಮೆ. ಮಾತು ಕಡಿಮೆ ಇದ್ದದ್ದನ್ನು ಲೆಸಿಯೇಲಿ ಮೊದಮೊದಲು ನಾಚಿಕೆ ಅಂದುಕೊಂಡಳು, ಆಮೇಲೆ ಗರ್ವ ಅಂದುಕೊಂಡಳು. ಚೊಚ್ಚಲ ಗಂಡುಮಗುವಿನ ಮೊದಲ ಹುಟ್ಟುಹಬ್ಬದ ದಿನ ಆ ಗುಮಾನಿ ಗಟ್ಟಿಯಾಯಿತು. ಮೆಲೆನೈಟೆಯ ಪೆಟ್ಟಿಗೆಯಲ್ಲಿ ಅವಳ ಅಜ್ಜಿ ನೇಯ್ದ ಕೇದಗೆ ಚಾಪೆ ಒಂದಿತ್ತು. ರೇಷ್ಮೆಯ ಹಾಗೆ ಮೆದು, ಮಡಿಸಿದರೆ ಕಂಕುಳಲ್ಲಿ ಹಿಡಿಯುವಷ್ಟು. ಅದು ಇದೆ ಅಂತ ಊರಿಗೆಲ್ಲ ಗೊತ್ತು. ಅದು ಅತ್ತೆಗೇ ಬರುತ್ತದೆ ಅಂತಲೂ ಗೊತ್ತು. ಚಪ್ಪರದ ತಲೆಭಾಗದಲ್ಲಿ ಕೂತಿದ್ದ ಲೆಸಿಯೇಲಿಯ ಮುಂದೆ ಕೊನೆಗೆ ಬಂದು ಬಿದ್ದದ್ದು ಕೇಕಿನ ಮೇಲಿನ ಅಂತಸ್ತು ಮತ್ತು ಅಂಗಡಿಯಿಂದ ತಂದ ಹೂವಿನ ಚಿತ್ರದ ಹೊದಿಕೆ. ಹೆಂಗಸರು ಹೊದಿಕೆ ನೋಡಿದರು, ಆಮೇಲೆ ಲೆಸಿಯೇಲಿಯ ಮುಖ ನೋಡಿದರು, ಆಮೇಲೆ ತಮ್ಮ ತಮ್ಮ ತಟ್ಟೆ ನೋಡಿಕೊಂಡರು.

ಮನೆಗೆ ಬಂದು ಸೆಮಿಸಿ, "ಹೊದಿಕೆ ಚೆನ್ನಾಗಿದೆ. ಚಳಿಗಾಲಕ್ಕಾಯ್ತು," ಅಂದ.

"ನೀನೇ ಹೊದ್ದುಕೋ," ಅಂದಳು. ಆ ಹೊದಿಕೆಯನ್ನು ಅವಳು ಹಂದಿಮರಿಗಳಿಗೆ ಹಾಸಿದಳು. ಅದು ಮೆಲೆನೈಟೆಯ ಕಣ್ಣಿಗೆ ಬೀಳಲಿ ಅಂತಲೇ ಬೇಲಿಯ ಪಕ್ಕ ಹಾಸಿದಳು.

ಎರಡನೆಯ ಮಗು ಲೂಪೆ ಹುಟ್ಟಿದ ವರ್ಷ ಮಳೆ ಕೈಕೊಟ್ಟಿತ್ತು. ದ್ವೀಪದಲ್ಲಿ ಹೊಳೆಯಿಲ್ಲ, ಬಾವಿ ನೀರು ಉಪ್ಪು. ಮಳೆನೀರಿನ ಸಿಮೆಂಟ್ ತೊಟ್ಟಿಗಳು ತಳ ಕಂಡವು. ಅಂಗಳಗಳು ಬೆಳ್ಳಗೆ ಸುಣ್ಣದ ಹಾಗಾದವು, ಹುಳಿಸೊಪ್ಪು ಎಲ್ಲ ಕಡೆ ಒಣಗಿ ದಾರದ ಹಾಗೆ ಉಳಿಯಿತು. ಆದರೆ ಲೆಸಿಯೇಲಿಯ ಮನೆಯ ತೊಟ್ಟಿಯ ಹಿಂದೆ, ನಲ್ಲಿಯ ಬುಡದಲ್ಲಿ ಹನಿ ಹನಿಯಾಗಿ ನೀರು ಸೋರುವ ಜಾಗದಲ್ಲಿ, ಅದು ಒಂದು ಮೊಳದ ಚೌಕದಲ್ಲಿ ದಟ್ಟವಾಗಿ ಹಬ್ಬಿ ಹೂ ಬಿಟ್ಟಿತ್ತು.

ಮಧ್ಯಾಹ್ನ ಲೆಸಿಯೇಲಿ ಮರದ ನೆರಳಲ್ಲಿ ಕೂತು ಕೇದಗೆ ಎಲೆ ಸೀಳುತ್ತಿದ್ದಾಗ ಮೆಲೆನೈಟೆ ಮಗುವನ್ನು ಎತ್ತಿಕೊಂಡು ಬೇಲಿಯ ಸಂದಿನಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. ಕರೆಯದೆ ಬರಬಾರದು ಅಂತ ಅವಳು ನಿಂತದ್ದು. ಲೆಸಿಯೇಲಿಗೆ ಅದೂ ಬಿಗುಮಾನವಾಗಿ ಕಂಡಿತು.

"ಅಕ್ಕಾ, ಮಗುಗೆ ಬಾಯಿ ಹುಣ್ಣಾಗಿದೆ. ನಿನ್ನೆಯಿಂದ ಮೊಲೆ ಹಿಡೀತಿಲ್ಲ."

ಲೆಸಿಯೇಲಿ ತಲೆ ಎತ್ತಲಿಲ್ಲ. ಎಲೆಯ ಅಂಚಿನ ಮುಳ್ಳನ್ನು ಉಗುರಿನಿಂದ ಕಿತ್ತಳು. "ಸೊಪ್ಪೆಲ್ಲಿದೆ ಈ ಬಿಸಿಲಲ್ಲಿ? ಎಲ್ಲ ಒಣಗಿಹೋಗಿದೆ. ಒಂದು ಮಳೆ ಬರಲಿ, ನೋಡೋಣ."

ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಮೆಲೆನೈಟೆ ಮಗುವನ್ನು ಹೆಗಲಿಗೆ ಬದಲಿಸಿಕೊಂಡಳು. ಮಗು ಚೀರುತ್ತಿರಲಿಲ್ಲ, ಸಣ್ಣಗೆ ಕುಂಯ್‌ಗುಡುತ್ತಿತ್ತು. "ಆಗ್ಲಿ ಅಕ್ಕಾ," ಅಂದು ತಿರುಗಿ ಹೋದಳು.

ನಾಳೆ ಮತ್ತೆ ಬರುತ್ತಾಳೆ ಅಂತ ಲೆಸಿಯೇಲಿ ಅಂದುಕೊಂಡಳು. ನಾಳೆ ಒಳಗೆ ಬರುತ್ತಾಳೆ, ನೆಲದ ಮೇಲೆ ಕೂರುತ್ತಾಳೆ, ಇನ್ನೂ ಸ್ವಲ್ಪ ತಗ್ಗಿ ಕೇಳುತ್ತಾಳೆ. ಆಗ, ನಿಲ್ಲು, ತೊಟ್ಟಿ ಹಿಂದೆ ಒಂಚೂರು ಇದೆಯೇನೋ ನೋಡ್ತೀನಿ ಅಂತ ಎದ್ದು ಹೋದರಾಯಿತು. ಒಂದು ದಿನದ ಮಾತು. ಒಂದು ದಿನದಲ್ಲಿ ಮಗುವಿಗೆ ಏನಾಗುತ್ತದೆ?

ಸಂಜೆ ಸೆಮಿಸಿ ತೊಟ್ಟಿಯಲ್ಲಿ ಕಾಲು ತೊಳೆಯಲು ಹೋದವನು ಅಲ್ಲಿಂದಲೇ ಕೇಳಿದ. "ಮೆಲೆನೈಟೆ ಮಗು ಎತ್ಕೊಂಡು ಬಂದಿದ್ಲಂತೆ?"

"ಬಂದಿದ್ಲು."

"ಸೊಪ್ಪು ಕೊಟ್ಯಾ?"

"ಸೊಪ್ಪೆಲ್ಲಿದೆ?"

ಸೆಮಿಸಿ ಬಗ್ಗಿ ತನ್ನ ಕಾಲ ಬುಡ ನೋಡಿದ. "ಹಾಗಾದ್ರೆ ನಾನು ಏನರ ಮೇಲೆ ನಿಂತಿದೀನಿ?"

"ಬಾಯ್ಮುಚ್ಕೊಂಡು ಊಟಕ್ಕೆ ಬಾ," ಅಂದಳು. ಅವನು ಬಾಯಿ ಮುಚ್ಚಿಕೊಂಡೇ ಊಟ ಮಾಡಿದ. ಯಾವತ್ತೂ ಹಾಗೆ ಮಾಡಿದವನಲ್ಲ.

ಮರುದಿನ ಮೆಲೆನೈಟೆ ಬರಲಿಲ್ಲ. ಲೆಸಿಯೇಲಿ ಬೆಳಿಗ್ಗೆಯಿಂದ ಬೇಲಿಯ ಕಡೆ ಕಿವಿಯಿಟ್ಟು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎದ್ದು ಒಂದು ಹಿಡಿ ಸೊಪ್ಪು ಕಿತ್ತು, ತೊಳೆದು, ಬಟ್ಟೆಯಲ್ಲಿ ಕಟ್ಟಿಕೊಂಡಳು. ಬೇಲಿ ದಾಟಿ ಎರಡು ಮನೆ ಆಚೆ ಹೋದರೆ ತಮ್ಮನ ಮನೆ. ಬೇಲಿಯ ತನಕ ಹೋದಳು. ಎಲ್ಲಿತ್ತು ಈ ಸೊಪ್ಪು ಅಂತ ಕೇಳಿದರೆ ಏನು ಹೇಳುವುದು? ಹಿಂದಕ್ಕೆ ಬಂದಳು. ಅವಳೇ ಬರಲಿ, ಬಂದರೆ ತಕ್ಷಣ ಕೊಟ್ಟುಬಿಡುತ್ತೇನೆ ಅಂದುಕೊಂಡಳು. ಗಂಟು ಒಲೆಮನೆಯ ಗೂಟದಲ್ಲಿ ಬಾಡಿತು.

ಅದರ ಮಾರನೆಯ ಬೆಳಿಗ್ಗೆ ದಂಡೆಯ ಕಡೆಯಿಂದ ಓಡಿಬಂದ ನೆರೆಯವಳು ಹೇಳಿದಳು: ಹಾವಿಲಿ ದೋಣಿ ತಗೊಂಡು ಪಾಂಗೈ ಆಸ್ಪತ್ರೆಗೆ ಹೋದ, ಮಗು ಕಣ್ಣು ಮೇಲೆ ಮಾಡಿಬಿಟ್ಟಿದೆ, ಉಚ್ಚೆಯೂ ನಿಂತುಹೋಗಿದೆ. ಗಾಳಿ ಎದುರಿತ್ತು. ಲೆಸಿಯೇಲಿ ದಂಡೆಗೆ ಹೋಗುವಷ್ಟರಲ್ಲಿ ದೋಣಿ ಹವಳದ ಸಾಲನ್ನು ದಾಟಿತ್ತು. ಅಲೆಯ ನಡುವೆ ಒಂದು ಸಲ ಮೆಲೆನೈಟೆಯ ಬೆನ್ನು ಕಂಡಿತು, ಬಿಸಿಲಿಗೆ ಅಡ್ಡವಾಗಿ ಮಗುವಿನ ಮೇಲೆ ಬಾಗಿದ ಬೆನ್ನು. ಲೆಸಿಯೇಲಿ ಮರಳಿನ ಮೇಲೆ ಕುಸಿದಳು. ಊರ ಹೆಂಗಸರು ಸುತ್ತ ಬಂದು ಕೂತರು. "ಅತ್ತೆಯ ಕರುಳು ನೋಡು," ಅಂತ ಒಬ್ಬಳು ಬೀಸಣಿಗೆಯಿಂದ ಗಾಳಿ ಹಾಕಿದಳು.

ಮಗು ಸಾಯಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ನೀರು ಏರಿಸಿದರು, ಬಾಯಿಗೆ ನೇರಳೆ ಬಣ್ಣದ ಔಷಧಿ ಬಳಿದರು. ಸಂಜೆಯಾದರೂ ಬದುಕುತ್ತದೋ ಇಲ್ಲವೋ ಅನ್ನುವ ಹಾಗಿತ್ತು ಅಂತ ಆಮೇಲೆ ಸುದ್ದಿ ಬಂತು. ಬಹಳ ದಿನ ಅಲ್ಲೇ ಇಟ್ಟುಕೊಂಡರು. ಅಷ್ಟರಲ್ಲಿ ಮೆಲೆನೈಟೆಯ ಎದೆ ಬತ್ತಿಹೋಯಿತು.

ಆ ದಿನಗಳಲ್ಲೇ ಇನ್ನೊಂದು ಕೂಸು ಲೆಸಿಯೇಲಿಯ ಹತ್ತಿರ ಬಂತು. ಅವಳು ತೊಟ್ಟಿಯ ಹಿಂದೆ ಹೋಗಿ ಸೊಪ್ಪು ಕಿತ್ತು ಕೊಟ್ಟಳು. ತನ್ನ ಕೈಯಲ್ಲಿ ಇನ್ನು ಯಾವ ಮಗುವೂ ವಾಸಿಯಾಗುವುದಿಲ್ಲ ಅಂತ ಅವಳಿಗೆ ಖಾತ್ರಿಯಿತ್ತು. ಅದು ಎಂದಿನಂತೆಯೇ ವಾಸಿಯಾಯಿತು. ತಾಯಿ ಒಂದು ಬುಟ್ಟಿ ದೀವಿಹಲಸು ತಂದು ಕೈಮುಗಿದಳು. ಕೈ ಕೆಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಲೆಸಿಯೇಲಿಗೆ. ಆ ದೀವಿಹಲಸನ್ನು ಅವಳಿಂದ ನುಂಗಲಾಗಲಿಲ್ಲ.

ಹಾವಿಲಿ ಮತ್ತು ಮೆಲೆನೈಟೆ ಊರಿಗೆ ಮರಳಿದ ಮಾರನೆಯ ದಿನ ಲೆಸಿಯೇಲಿಯ ಅಂಗಳಕ್ಕೆ ಬಂದರು. ಇಬ್ಬರೂ ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡಿದ್ದರು, ಸಾವಿನಲ್ಲಿ, ಇಲ್ಲವೇ ತಪ್ಪೊಪ್ಪಿಕೊಳ್ಳುವಾಗ ಮಾತ್ರ ಸುತ್ತಿಕೊಳ್ಳುವಂಥದ್ದು. ಬರಿ ನೆಲದ ಮೇಲೆ, ಬಿಸಿಲಲ್ಲಿ ಕೂತರು. ಹಾವಿಲಿ ಅರೆದು ಕುಡಿಯುವ ಕಾವಾ ಗಿಡದ ಬೇರನ್ನು ಕಾಣಿಕೆಯಾಗಿ ಮುಂದಿಟ್ಟ. ಮೆಲೆನೈಟೆ ಅಜ್ಜಿಯ ಚಾಪೆಯನ್ನು ಅದರ ಪಕ್ಕದಲ್ಲಿ ಇಟ್ಟಳು. ಅಕ್ಕನ ಮುಖ ನೋಡಿ ಮಾತಾಡುವುದು ತಮ್ಮನಿಗೆ ಸಲ್ಲದು. ಅವನು ನೆಲ ನೋಡುತ್ತಾ ಹೇಳಿದ. "ನಿಮ್ಮ ಮನಸ್ಸು ನೋಯಿಸಿದ್ವಿ. ಅದು ಮಗು ಮೇಲೆ ಬಂತು. ಕ್ಷಮಿಸ್ಬೇಕು."

ಲೆಸಿಯೇಲಿ ಆಗಲೇ ಹೇಳಿಬಿಡಬೇಕಿತ್ತು. ಆದರೆ ಬೇಲಿಯಾಚೆ ನೆರೆಯವರು ನಿಂತಿದ್ದರು. ಚಾಪೆ ಬೇಡ ಅಂದರೆ ಕ್ಷಮೆ ಇಲ್ಲ ಅಂತ ಅರ್ಥ; ಬೇಕು ಅಂದರೆ ತಪ್ಪು ಅವರದ್ದು ಅಂತ ಅರ್ಥ. ಮೂರನೆಯ ದಾರಿಗೆ ಬೇಕಾದ ಧೈರ್ಯ ಅವಳಲ್ಲಿರಲಿಲ್ಲ. ಕೈ ಚಾಚಿ ಚಾಪೆಯನ್ನು ಮುಟ್ಟಿದಳು. "ಏಳಿ, ಒಳಗೆ ಬನ್ನಿ," ಅಂದಳು. ಮೆಲೆನೈಟೆ ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದಳು, ಅಷ್ಟೆ.

ಅವರು ಹೋದ ಮೇಲೆ ಸೆಮಿಸಿ ಬಲೆ ಹೊಲಿಯುತ್ತಾ ಕೂತ. ಒಂದು ಗಂಟು ಬಿಗಿದು, "ತಗೊಂಡ್ಯಲ್ಲ," ಅಂದ.

"ತಗೊಳ್ದೆ ಏನು ಮಾಡ್ಲಿ? ಎಲ್ಲರ ಮುಂದೆ ಹೇಳ್ಲಾ? ಆಮೇಲೆ ನನ್ನ ತಮ್ಮ ಈ ಅಂಗಳಕ್ಕೆ ಕಾಲಿಡ್ತಾನಾ?"

"ಇಡ್ತಾನೋ ಇಲ್ವೋ ನಂಗೊತ್ತಿಲ್ಲ. ಈಗ ಅವರಿಬ್ರೂ ಬಿಸಿಲಲ್ಲಿ ಕೂತಿದ್ದನ್ನ ನಂಗೆ ನೋಡೋಕಾಗ್ಲಿಲ್ಲ." ಅವನು ಬಲೆಯನ್ನು ಸುತ್ತಿಟ್ಟು ಕಾವಾ ಕುಡಿಯಲು ಹೋದ. ಕಾವಾ ಮಂಡಲಿಯಲ್ಲಿ ಹೆಂಡತಿಯ ಗುಟ್ಟನ್ನು ಅವನು ಬಿಡಲಿಲ್ಲ. ಆದರೆ ಮನೆಯಲ್ಲಿ ತಮಾಷೆ ಮಾಡುವುದನ್ನು ನಿಲ್ಲಿಸಿದ. ಲೆಸಿಯೇಲಿಗೆ ಅದು ಬೈಗುಳಕ್ಕಿಂತ ಭಾರವಾಯಿತು.

ಚಾಪೆಯನ್ನು ಅವಳು ಹಾಸಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಲೂಪೆಯನ್ನು ನೋಡಲು ದಿನವೂ ಹೋಗತೊಡಗಿದಳು. ಡಬ್ಬಿ ಹಾಲು ಕುಡಿದು ಮಗು ನಿಧಾನವಾಗಿ ಮೈ ತುಂಬಿಕೊಳ್ಳುತ್ತಿತ್ತು. ತುಟಿಯ ಮೂಲೆಯಲ್ಲಿ ನೇರಳೆ ಬಣ್ಣ ಇನ್ನೂ ಪೂರ್ತಿ ಅಳಿದಿರಲಿಲ್ಲ. ಅತ್ತೆಯನ್ನು ಕಂಡರೆ ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿತ್ತು. ಆ ಬಾಯಿಯನ್ನು ನೋಡಲಾರದೆ ಲೆಸಿಯೇಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು. ಎಲ್ಲರೂ ಅದನ್ನು ಪ್ರೀತಿ ಅಂದರು. ಪ್ರೀತಿಯೂ ಇತ್ತು ಅನ್ನಿ.

ಮಳೆ ಬಂದ ತಿಂಗಳು ಚರ್ಚಿನಲ್ಲಿ ಹೆಂಗಸರ ಪ್ರಾರ್ಥನೆಯ ದಿನ ಮೆಲೆನೈಟೆ ಎದ್ದು ನಿಂತಳು. ಆರು ಮಾತು ಕೂಡಿಸಿ ಆಡದ ಹೆಂಗಸು. "ನಾನು ಮಗುವಿನ ಅತ್ತೆಯ ಪಾಲನ್ನ ಬಚ್ಚಿಟ್ಟೆ," ಅಂದಳು. "ಅಜ್ಜಿ ನೇಯ್ದದ್ದು, ಕೊಡೋಕೆ ಮನಸ್ಸು ಬರ್ಲಿಲ್ಲ. ನನ್ನ ಆಸೆಗೆ ನನ್ನ ಮಗು ಅನುಭವಿಸ್ತು. ನೀವ್ಯಾರೂ ಹಾಗೆ ಮಾಡ್ಬೇಡಿ." ಕೂತಳು. ಹೆಂಗಸರೆಲ್ಲ ತಿರುಗಿ ಲೆಸಿಯೇಲಿಯನ್ನು ನೋಡಿದರು. ಆ ನೋಟದಲ್ಲಿ ಗೌರವವಿತ್ತು, ಸ್ವಲ್ಪ ಭಯವೂ ಇತ್ತು. ಲೆಸಿಯೇಲಿಗೆ ಹಾಡಿನ ಪುಸ್ತಕದ ಅಕ್ಷರಗಳು ಕಾಣಿಸಲಿಲ್ಲ. ಎಲ್ಲರೂ ಹಾಡಲು ಎದ್ದಾಗ ಅವಳು ಕೂತೇ ಇದ್ದಳು.

ಮರುದಿನ ಬೆಳಗಾಗುತ್ತಲೇ ತಮ್ಮನ ಮನೆಯ ಒಲೆಮನೆಗೆ ಹೋದಳು. ಹಾವಿಲಿ ತೋಟಕ್ಕೆ ಹೋಗಿದ್ದ. ಮೆಲೆನೈಟೆ ತೆಂಗಿನಕಾಯಿ ತುರಿಯುತ್ತಿದ್ದಳು. ಲೆಸಿಯೇಲಿ ಎಂದೂ ಕೂರದ ಜಾಗದಲ್ಲಿ, ಬಾಗಿಲ ಬಳಿಯ ಬೂದಿ ನೆಲದಲ್ಲಿ ಕೂತಳು.

"ಅಕ್ಕಾ, ಅಲ್ಲಿ ಬೇಡ, ಮೇಲೆ ಕೂತ್ಕೊಳ್ಳಿ."

"ಆವತ್ತು ಸೊಪ್ಪಿತ್ತು," ಅಂದಳು ಲೆಸಿಯೇಲಿ. "ತೊಟ್ಟಿ ಹಿಂದೆ. ಬೇಕಾದಷ್ಟಿತ್ತು. ನಾನು ಸುಳ್ಳು ಹೇಳ್ದೆ."

ಮೆಲೆನೈಟೆಯ ಕೈ ನಿಲ್ಲಲಿಲ್ಲ. ಚಿಪ್ಪಿನ ಅಂಚಿನ ತನಕ ತುರಿದು ಮುಗಿಸಿ, ಚಿಪ್ಪನ್ನು ಪಕ್ಕಕ್ಕಿಟ್ಟಳು.

"ಗೊತ್ತು," ಅಂದಳು. "ತಿರುಗಿ ಹೋಗ್ವಾಗ ಕಂಡಿತ್ತು. ಹಳದಿ ಹೂವು."

"ಕಂಡಿದ್ರೆ ಯಾಕೆ ಕೇಳ್ಲಿಲ್ಲ? ಕಿತ್ಕೊಂಡಾದ್ರೂ ಹೋಗ್ಬಾರ್ದಿತ್ತಾ?"

"ಅತ್ತೆ ಮನಸ್ಸಿಲ್ದೆ ತಗೊಂಡ ಔಷಧ ಮಗು ಬಾಯಿಗೆ ಹೇಗೆ ಬಿಡ್ಲಿ? ನೀವು ಸುಳ್ಳು ಹೇಳ್ತಿದೀರಿ ಅಂತ ನಿಮ್ಮ ಮುಖಕ್ಕೆ ಹೇಳೋಕೆ ನಾನ್ಯಾರು?" ಅವಳು ತುರಿಯನ್ನು ಒಟ್ಟುಮಾಡಿದಳು. "ನಾಳೆ ಹೋಗಿ ಕಾಲು ಹಿಡ್ಕೊಳ್ಳೋಣ ಅಂತ ನಾನೂ ಅಂದ್ಕೊಂಡೆ. ನಂಗೂ ಹಟ ಬಂತು. ಆ ಒಂದು ದಿನ ನಿಮ್ಮದು ಅರ್ಧ, ನನ್ನದು ಅರ್ಧ."

"ಹಾಗಿದ್ದೂ ನಿನ್ನೆ ಎಲ್ಲರ ಮುಂದೆ ನಿನ್ನ ತಪ್ಪು ಅಂದ್ಯಲ್ಲ."

"ಚಾಪೆ ಬಚ್ಚಿಟ್ಟಿದ್ದು ನನ್ನ ತಪ್ಪು. ಅದನ್ನ ಹೇಳ್ದೆ. ಸುಳ್ಳು ಹೇಳಿದ್ದು ನಿಮ್ಮದು. ಅದನ್ನ ನಾನು ಹೇಗೆ ಹೇಳ್ಲಿ? ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ." ತುರಿಯನ್ನು ಹಿಂಡುತ್ತಾ ಅಂದಳು, "ಬಹಳ ಕಾಯಿಸಿದ್ರಿ ಅಕ್ಕಾ."

ಲೆಸಿಯೇಲಿ ಅತ್ತಳು. ಮೆಲೆನೈಟೆ ಸಮಾಧಾನ ಮಾಡಲಿಲ್ಲ. ಒಳಗೆ ಲೂಪೆ ಎದ್ದು ಅಳತೊಡಗಿದಾಗ ಎದ್ದು ಹೋಗಿ ಅದಕ್ಕೆ ಹಾಲು ಬೆರೆಸಿದಳು. ಎದೆಹಾಲು ಕುಡಿಯಬೇಕಾದ ಮಗು ಶೀಸೆ ಚೀಪುವುದನ್ನು ಲೆಸಿಯೇಲಿ ಅಲ್ಲೇ ಕೂತು ನೋಡಿದಳು. ಮುಖ ತಿರುಗಿಸಲಿಲ್ಲ.

ಮುಂದಿನ ಹೆಂಗಸರ ಪ್ರಾರ್ಥನೆಯಲ್ಲಿ ಅವಳು ಎದ್ದು ನಿಂತು ಹೇಳಿದಳು. ತಡವರಿಸುತ್ತಾ, ಬೆವರುತ್ತಾ, ಏನನ್ನೂ ಬಿಡದೆ ಹೇಳಿದಳು; ಹಂದಿಮರಿಗೆ ಹಾಸಿದ ಹೊದಿಕೆಯನ್ನೂ ಸೇರಿಸಿ. ಹೊರಗೆ ಬಂದಾಗ ದಾರಿಯಲ್ಲಿ ಅವಳ ಪಕ್ಕ ನಡೆಯುವವರು ಯಾರೂ ಇರಲಿಲ್ಲ. ಆಮೇಲೆ ಕೆಲವು ತಾಯಂದಿರು ಕೂಸುಗಳನ್ನು ನೇರವಾಗಿ ಪಾಂಗೈಗೆ ಒಯ್ಯತೊಡಗಿದರು. ಅದು ಸರಿಯೇ ಅಂತ ಅವಳೂ ಅಂದಳು. ಬಾಯಿ ಹುಣ್ಣಿನ ಜೊತೆ ಉಚ್ಚೆ ಕಡಿಮೆಯಾಗಿದ್ದರೆ ತನ್ನ ಹತ್ತಿರ ಬಂದವರನ್ನೂ ಅವಳೇ ದೋಣಿ ಹತ್ತಿಸುತ್ತಿದ್ದಳು.

ಹಾವಿಲಿಗೆ ಸುದ್ದಿ ಹೆಂಡತಿಯಿಂದಲೇ ತಿಳಿಯಿತು. ಆ ವರ್ಷವೂ ಹೊಲದ ಮೊದಲ ಗೆಡ್ಡೆಯನ್ನು ಅಕ್ಕನಿಗೆ ತಂದ, ತರದೆ ಇರುವ ಹಾಗಿರಲಿಲ್ಲ. ಬೇಲಿಯ ಬಳಿ ಇಳಿಸಿ, ಒಳಗೆ ಬಾರದೆ ಹೊರಟುಹೋದ. ಮಾರನೆಯ ವರ್ಷವೂ ಹಾಗೆಯೇ. ಅದರ ಮುಂದಿನ ಸಲ ಸೆಮಿಸಿ ಬೇಲಿಗೆ ಹೋಗಿ ನಿಂತು, "ಹಾವಿಲಿ, ನನಗೆ ಬೆನ್ನುನೋವು, ಇಷ್ಟನ್ನ ಒಳಗೆ ಹೊರೋಕಾಗಲ್ಲ," ಅಂದ. ಹಾವಿಲಿ ಹೊತ್ತು ತಂದ. ನೀರು ಕೊಟ್ಟರೆ ಕುಡಿದ.

ಮೆಲೆನೈಟೆಗೆ ಔಷಧ ದಾಟಿಸಬೇಕು ಅಂತ ಲೆಸಿಯೇಲಿ ಕೇಳಿದಾಗ ಅವಳು ಬಹಳ ದಿನ ಒಪ್ಪಲಿಲ್ಲ. ಬೇರೆ ದ್ವೀಪದವಳು, ರಕ್ತ ಸಂಬಂಧವಿಲ್ಲದವಳು. ಕಲೋಲೈನೆಯ ಕಡೆಯ ಮುದುಕಿಯರೂ ಗೊಣಗಿದರು. "ಒಂದೇ ಕೈಯಲ್ಲಿ ಇರಬಾರದು," ಅಂದಳು ಲೆಸಿಯೇಲಿ. "ಆ ಕೈಯವಳ ಮನಸ್ಸು ಕೆಟ್ಟ ದಿನ ಮಗು ಎಲ್ಲಿಗೆ ಹೋಗ್ಬೇಕು?"

"ನಿಮ್ಮ ಮನಸ್ಸಿನ ಭಾರ ಇಳಿಸೋಕೆ ನಾನು ಕಲಿಯಲ್ಲ," ಅಂದಳು ಮೆಲೆನೈಟೆ.

"ಇಳಿಯಲ್ಲ ಬಿಡು. ಅದಕ್ಕಲ್ಲ."

ಹಾಗೆಂದ ಮೇಲೆ ಅವಳು ಕೈ ಚಾಚಿದಳು. ಲೆಸಿಯೇಲಿ ರಸ ಹಿಂಡಿ ಆ ಉದ್ದ ಬೆರಳುಗಳ ನಡುವೆ, ಅಂಗೈಯ ಗೆರೆಗಳಲ್ಲಿ ಒಣಗುವ ತನಕ ಉಜ್ಜಿದಳು. ಲೂಪೆ ಆಗ ನಡೆಯುತ್ತಿದ್ದಳು. ಬಂದು ಹಿಂಡಿದ ಸೊಪ್ಪಿನ ಮುದ್ದೆಯನ್ನು ಬಾಯಿಗೆ ಹಾಕಿಕೊಂಡು, ಹುಳಿಗೆ ಮುಖ ಕಿವಿಚಿ ಉಗುಳಿದಳು.

ಅವರು ಆಪ್ತ ಗೆಳತಿಯರಾಗಲಿಲ್ಲ. ಆದರೆ ಹೆಂಗಸರು ಚಾಪೆ ನೇಯುವ ಮನೆಯಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ವರ್ಷಗಳ ಮೇಲೆ ಒಂದು ದಿನ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು, "ನಿಮ್ಮ ಕೈಗುಣ ಬಹಳ ಒಳ್ಳೇದಂತಲ್ಲ ಅಜ್ಜಿ," ಅಂತ ಲೆಸಿಯೇಲಿಯನ್ನು ಕೇಳಿದಳು. ನೇಯುತ್ತಿದ್ದ ಮುದುಕಿಯರ ಕೈಗಳು ನಿಂತವು. ಮೆಲೆನೈಟೆ ನೇಯುತ್ತಿದ್ದ ಎಲೆಯಿಂದ ಕಣ್ಣೆತ್ತದೆ ಹೇಳಿದಳು:

"ಅಕ್ಕನ ಕೈ ಒಳ್ಳೇದಮ್ಮಾ. ಸೊಪ್ಪಿಲ್ಲ ಅಂದ್ರೆ ಮಾತ್ರ ನಂಬಬೇಡ, ಎದ್ದು ಹೋಗಿ ಹುಡುಕ್ಕೋ."

ಮುದುಕಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಲೆಸಿಯೇಲಿಯೂ ನಕ್ಕಳು. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು, ಎಷ್ಟು ಒರೆಸಿದರೂ ನಿಲ್ಲಲಿಲ್ಲ. ಮೆಲೆನೈಟೆ ಅವಳ ಮಡಿಲಿನಿಂದ ಕೈತಪ್ಪಿ ಸಡಿಲವಾಗಿದ್ದ ನೇಯ್ಗೆಯನ್ನು ತನ್ನ ಕಡೆ ಎಳೆದುಕೊಂಡು, ಅವಳು ಸುಧಾರಿಸಿಕೊಳ್ಳುವ ತನಕ ಆ ಸಾಲನ್ನು ತಾನೇ ಮುಂದುವರಿಸಿದಳು.